ಓದುಗರ ಪ್ರಶ್ನೆ, ನಮ್ಮ ಉತ್ತರ: ಒಂದು ಡಬ್ಬಿ ಮದ್ದಿಗೆ ಎಷ್ಟು ತೋಟಾ?

ಹೋದ ಸಂಚಿಕೇಲಿ ಅಮೆರಿಕದ ಗ್ಯಾರೇಜ್‌ಗಳಲ್ಲಿ ಜನ ತಮ್ಮ ತೋಟಾ ತಾವೇ ತುಂಬ್ಕೊಳ್ತಾರೆ, ಅದಕ್ಕೆ ರೀಲೋಡಿಂಗ್ ಅಂತಾರೆ ಅಂತ ಎರಡು ಸಾಲು ಬರೆದಿದ್ದೆ ಅಷ್ಟೇ. ಮಗಳ ಮನೇಲಿ ಆರು ತಿಂಗಳು ಇದ್ದಾಗ ಪಕ್ಕದ ಮನೆಯವರ ಬೆಂಚ್ ಮುಂದೆ ಕೂತು ನೋಡಿದ್ದು, ನಾನೂ ಒಂದಷ್ಟು ತುಂಬಿದ್ದು. ಅದಕ್ಕೆ ಇಷ್ಟೊಂದು ಕಾಗದ ಬರುತ್ತೆ ಅಂದ್ಕೊಂಡಿರ್ಲಿಲ್ಲ. ಇವತ್ತು ಪೂರ್ತಿ ಅದೇ. ಅಡುಗೆ, ಅಜ್ಜಿ ಮದ್ದು ಕೇಳಿದವರು ಒಂದು ತಿಂಗಳು ತಡ್ಕೊಳ್ಳಿ, ಈ ಸಲ ಬೇರೆ ಮದ್ದು.

ಪ್ರ: ನಾನು ಟೆಕ್ಸಾಸ್‌ನಲ್ಲಿದೀನಿ, ಈಗಷ್ಟೇ ರೀಲೋಡಿಂಗ್ ಕಲೀತಾ ಇದೀನಿ. ಒಂದು ಪೌಂಡ್ ಪೌಡರ್ ಡಬ್ಬಿ ತಂದೆ. ಎಷ್ಟು ರೌಂಡ್ ಆಗುತ್ತೆ ಅಂತ ಡಬ್ಬಿ ಮೇಲೆ ಎಲ್ಲೂ ಇಲ್ಲ. ಪೌಂಡಿಗೆ 7000 ಗ್ರೇನ್ ಅಂತ ಗೊತ್ತಾಯ್ತು. 9 ಎಂಎಂ ಬುಲೆಟ್ ಬಾಕ್ಸ್ ಮೇಲೆ 115 ಗ್ರೇನ್ ಅಂತ ಇದೆ. ಭಾಗಿಸಿದ್ರೆ 60 ಬಂತು. ನನ್ನ ಫ್ರೆಂಡ್ ನಕ್ಕು 1400 ಬರುತ್ತೆ ಕಣೋ ಅಂದ. 60 ಎಲ್ಲಿ 1400 ಎಲ್ಲಿ?

ಉ: ಫ್ರೆಂಡ್ ನಕ್ಕಿದ್ದು ತಪ್ಪು, ಹೇಳಿದ್ದು ಸರಿ. ನೀವು ಮಾಡಿದ ತಪ್ಪು ಎಲ್ಲರೂ ಮೊದಲನೇ ಸಲ ಮಾಡೋದೇ, ಯಾಕಂದ್ರೆ ಈ ಗ್ರೇನ್ ಅನ್ನೋ ಪದ ಮೂರು ಕಡೆ ಮೂರು ಥರ ಕಾಡುತ್ತೆ. ಬುಲೆಟ್ ಬಾಕ್ಸ್ ಮೇಲಿನ 115 ಗ್ರೇನ್ ಅಂದ್ರೆ ಆ ಗುಂಡಿನ ತೂಕ, ಕೋವಿ ಬಾಯಿಂದ ಹಾರಿ ಹೋಗುತ್ತಲ್ಲ ಸೀಸ ತಾಮ್ರದ್ದು, ಅದರ ತೂಕ, ಮದ್ದಿಗೂ ಅದಕ್ಕೂ ಸಂಬಂಧ ಇಲ್ಲ. ಎರಡನೇದು ಚಾರ್ಜ್, ಅಂದ್ರೆ ಕೇಸ್ (ತೋಟಾದ ಲೋಹದ ಕವಚ) ಒಳಗೆ ಹಾಕೋ ಮದ್ದಿನ ತೂಕ, ಅದನ್ನೂ ಗ್ರೇನಲ್ಲೇ ಹೇಳ್ತಾರೆ, ನಿಮಗೆ ಬೇಕಾಗಿದ್ದು ಇದು. ಮೂರನೇದು ಡಬ್ಬಿ ಅಲ್ಲಾಡಿಸಿದ್ರೆ ಕಾಣೋ ಕಾಳು, ಕಡ್ಡಿ ಚೂರು, ಬಿಲ್ಲೆ ಥರದ್ದು. ಅದನ್ನೂ ಕೆಲವರು ಗ್ರೇನ್ ಅಂತಾರೆ, ಹಾಗಾಗಿ ಹೊಸಬರು 5 ಗ್ರೇನ್ ಅಂದ್ರೆ ಐದು ಕಾಳು ಎಣಿಸಿ ಹಾಕೋದಾ ಅಂತ ಕೇಳಿದ್ದನ್ನ ನಾನೇ ಕೇಳಿದೀನಿ. ಕಾಳಿಗೆ ಕರ್ನಲ್ ಅಂತ ಕರೆದ್ರೆ ಈ ಗೊಂದಲ ಇರಲ್ಲ.

ಲೆಕ್ಕ ಒಂದೇ ಸಾಲು. ಡಬ್ಬೀಲಿರೋ ಗ್ರೇನ್ ಭಾಗಿಸು ಒಂದು ತೋಟಾದ ಚಾರ್ಜ್. 9 ಎಂಎಂಗೆ ಚಾರ್ಜ್ ಸುಮಾರಾಗಿ ನಾಲ್ಕರಿಂದ ಆರು ಗ್ರೇನ್ ಮಧ್ಯೆ ಓಡಾಡುತ್ತೆ, ಐದು ಅಂತ ಹಿಡಿದ್ರೆ 7000 ಭಾಗಿಸು 5, 1400. ಅದೇ .223 ರೈಫಲ್‌ಗೆ 25 ಗ್ರೇನ್ ಹತ್ರ ಅಂತಿಟ್ಕೊಂಡ್ರೆ 280. .308ಗೆ 44 ಅಂದ್ರೆ 159. ದೊಡ್ಡ ಮ್ಯಾಗ್ನಮ್ ರೈಫಲ್ 70 ನುಂಗಿದ್ರೆ ನೂರೇ ನೂರು, .50 ಬಿಎಂಜಿ ಅನ್ನೋ ರಾಕ್ಷಸಂಗೆ 230 ಹಾಕೋರಿಗೆ ಒಂದು ಡಬ್ಬಿ ಮೂವತ್ತಕ್ಕೆ ಮುಗೀತು. ಒಂದೇ ಸೈಜಿನ ಡಬ್ಬಿ, ಒಬ್ಬನಿಗೆ ವರ್ಷ ಪೂರ್ತಿ, ಇನ್ನೊಬ್ಬನಿಗೆ ಒಂದು ಮಧ್ಯಾಹ್ನ.

ಆದ್ರೆ ಒಂದು ಮಾತು ದಪ್ಪ ಅಕ್ಷರದಲ್ಲಿ ಓದ್ಕೊಳ್ಳಿ: ಮೇಲಿನ ಅಂಕಿಗಳೆಲ್ಲ ಭಾಗಾಕಾರ ತೋರಿಸೋಕೆ ಮಾತ್ರ, ಇದನ್ನ ನೋಡಿ ಯಾರೂ ತುಂಬ್ಬೇಡಿ. ಒಂದು ಪೌಡರ್‌ಗೆ 6 ಸರಿ ಅಂದ್ರೆ ಇನ್ನೊಂದಕ್ಕೆ ಅದೇ 6 ಅಪಾಯ. ಬುಲೆಟ್ ತೂಕ ಬದಲಾದ್ರೂ ಚಾರ್ಜ್ ಬದಲಾಗುತ್ತೆ. ಭಾಗಿಸೋ ಸಂಖ್ಯೆ ಬರಬೇಕಾಗಿರೋದು ಪೌಡರ್ ಕಂಪನಿ ಅಥವಾ ಬುಲೆಟ್ ಕಂಪನಿ ಅಚ್ಚು ಹಾಕಿಸಿದ ಮ್ಯಾನ್ಯುಯಲ್‌ನಿಂದ, ಅದೇ ಪೌಡರ್ ಅದೇ ಬುಲೆಟ್ ಸಾಲಿನಿಂದ. ಅದೂ ಮ್ಯಾಕ್ಸಿಮಮ್ ಅಂತ ಕೊಟ್ಟಿದ್ದರಿಂದ ಅಲ್ಲ, ಸ್ಟಾರ್ಟಿಂಗ್ ಚಾರ್ಜ್‌ನಿಂದ ಮೆಲ್ಲಗೆ ಮೇಲೇರಬೇಕು.

ಇನ್ನು 1400 ಅಂತ ಲೆಕ್ಕ ಬಂದ್ರೂ ಕೈಗೆ 1400 ಸಿಗಲ್ಲ. ಪೌಡರ್ ಮೆಷರ್ (ಪ್ರತಿ ಸಲ ಅಷ್ಟಷ್ಟೇ ಮದ್ದು ಅಳೆದು ಸುರಿಯೋ ಯಂತ್ರ) ಸೆಟ್ ಮಾಡುವಾಗ ಹತ್ತು ಹದಿನೈದು ಸಲ ಸುರಿದು ತೂಗ್ತೀರ, ಅದರಲ್ಲಿ ವಾಪಸ್ ಹೋಗೋದು ಜಾಸ್ತಿ, ಮೇಜಿನ ಮೇಲೆ ಚೆಲ್ಲೋದೂ ಇರುತ್ತೆ, ಹಾಪರ್ (ಮೆಷರ್ ಮೇಲೆ ಮದ್ದು ತುಂಬಿಡೋ ಬಟ್ಟಲು) ತಳಕ್ಕೆ ಬಂದಾಗ ಅಳತೆ ಏರುಪೇರಾಗುತ್ತೆ ಅಂತ ಕೊನೇ ಸ್ವಲ್ಪ ಬಿಡ್ತೀರ. ನಾನು ನೋಡಿದ ಮಟ್ಟಿಗೆ ನೂರಕ್ಕೆ ಎರಡು ಮೂರು ಹೀಗೆ ಹೋಗುತ್ತೆ. 1350 ಅಂತ ಇಟ್ಕೊಂಡ್ರೆ ಬೇಜಾರಾಗಲ್ಲ.

ಪ್ರ: ನಾವು ಚಿನ್ನದ ಕೆಲಸದವರು. ಗ್ರಾಂ ಗೊತ್ತು, ತೊಲ ಗೊತ್ತು, ಈ ಗ್ರೇನ್ ಅಂದ್ರೆ ಏನು ಸ್ವಾಮಿ? ನಮ್ಮ ಲೆಕ್ಕದಲ್ಲಿ ಹೇಳಿ. (ಶಿರಸಿಯಿಂದ)

ಉ: ನಿಮ್ಮ ಪ್ರಶ್ನೆ ಓದಿ ಖುಷಿ ಆಯ್ತು, ಯಾಕಂದ್ರೆ ಇದು ನಿಮ್ಮ ತಾತಂದಿರ ಲೆಕ್ಕಾನೇ. ಬ್ರಿಟಿಷರು 1833ರಲ್ಲಿ ತೊಲವನ್ನ ಸರಿಯಾಗಿ 180 ಗ್ರೇನ್ ಅಂತ ಗೊತ್ತು ಮಾಡಿದ್ರು, ಅದಕ್ಕೇ ಅದು 11.66 ಗ್ರಾಂ ಅನ್ನೋ ವಿಚಿತ್ರ ಸಂಖ್ಯೆ. ಆ ಕಾಲದ ಬೆಳ್ಳಿ ರೂಪಾಯಿಯೂ 180 ಗ್ರೇನೇ. ತೊಲಕ್ಕೆ 96 ಗುಲಗಂಜಿ ಅಂತ ಹಿಡಿದ್ರೆ ಒಂದು ಗುಲಗಂಜಿ 1.875 ಗ್ರೇನ್. ಒಂದು ಗ್ರೇನ್ ಅಂದ್ರೆ 64.8 ಮಿಲಿಗ್ರಾಂ, ಒಂದು ಗ್ರಾಂಗೆ 15.43 ಗ್ರೇನ್. ಗ್ರೇನ್ ಹುಟ್ಟಿದ್ದೂ ಧಾನ್ಯದ ಕಾಳಿನಿಂದ, ಅವರಿಗೆ ಬಾರ್ಲಿ, ನಮಗೆ ಗುಲಗಂಜಿ.

ಈಗ ಮೇಲಿನವರ 9 ಎಂಎಂ ಲೆಕ್ಕ ನಿಮ್ಮ ತಕ್ಕಡೀಲಿ ಹಾಕಿ. ಐದು ಗ್ರೇನ್ ಅಂದ್ರೆ ಎರಡೂವರೆ ಗುಲಗಂಜಿಗಿಂತ ಒಂಚೂರು ಜಾಸ್ತಿ. ಒಂದು ತೊಲ ಮದ್ದಲ್ಲಿ 36 ತೋಟಾ. ಒಂದು ಪೌಂಡ್ ಡಬ್ಬೀಲಿ 38.9 ತೊಲ. ಇನ್ನೂ ಮಜಾ ಅಂದ್ರೆ .30-06 ಅನ್ನೋ ಹಳೇ ಬೇಟೆ ರೈಫಲ್‌ಗೆ 180 ಗ್ರೇನ್ ಗುಂಡು ಬಹಳ ಚಾಲ್ತಿ, ಅಂದ್ರೆ ಒಂದೊಂದು ಸಲ ಟ್ರಿಗರ್ ಒತ್ತಿದಾಗಲೂ ಒಂದು ಬೆಳ್ಳಿ ರೂಪಾಯಿ ತೂಕ ಹೊರಗೆ ಹೋಗುತ್ತೆ. ರೀಲೋಡಿಂಗ್ ತಕ್ಕಡಿ ಒಂದು ಗ್ರೇನ್‌ನ ಹತ್ತನೇ ಒಂದು ಭಾಗ ತೋರಿಸುತ್ತೆ, ಅಂದ್ರೆ ಆರೂವರೆ ಮಿಲಿಗ್ರಾಂ. ನಿಮ್ಮ ಅಂಗಡಿ ತಕ್ಕಡಿ ಅದಕ್ಕಿಂತ ಸೂಕ್ಷ್ಮ ಇರುತ್ತೆ, ಆ ವಿಷಯದಲ್ಲಿ ನೀವೇ ಮುಂದೆ.

ಪ್ರ: ಆನ್‌ಲೈನಲ್ಲಿ 8 ಪೌಂಡ್ ಡಬ್ಬ ಪೌಂಡ್ ಲೆಕ್ಕದಲ್ಲಿ ಅಗ್ಗ ಬೀಳುತ್ತೆ, ಹಜ್‌ಮ್ಯಾಟ್ ಚಾರ್ಜೂ (ಅಪಾಯದ ಸರಕು ಸಾಗಿಸೋಕೆ ಹಾಕೋ ಶುಲ್ಕ) ಒಂದೇ ಸಲ ಕೊಟ್ರೆ ಸಾಕು. ಜೊತೆಗೆ ಕಮ್ಮಿ ಗ್ರೇನ್ ಸಾಕಾಗೋ ಫಾಸ್ಟ್ (ಬೇಗ ಉರಿಯೋ) ಪೌಡರ್ ತಗೊಂಡ್ರೆ ಇನ್ನೂ ಜಾಸ್ತಿ ರೌಂಡ್ ಬರುತ್ತಲ್ವಾ? (ಅರಿಜೋನಾ)

ಉ: ಬರುತ್ತೆ. ಆದ್ರೆ ಎಷ್ಟು ಉಳೀತು ಅಂತ ಪೆನ್ ಹಿಡಿದು ನೋಡೋಣ. ಡಬ್ಬಿ 45 ಡಾಲರ್ ಅಂತಿಟ್ಕೊಳ್ಳಿ. 5 ಗ್ರೇನ್ ಹಾಕಿದ್ರೆ 1400 ತೋಟಾ, ಒಂದಕ್ಕೆ 3.2 ಸೆಂಟ್ ಮದ್ದು. 4 ಗ್ರೇನಲ್ಲಿ ಆಗೋ ಪೌಡರ್ ಆದ್ರೆ 1750 ತೋಟಾ, ಒಂದಕ್ಕೆ 2.6 ಸೆಂಟ್. ಕೇಳೋಕೆ 350 ತೋಟಾ ಬಿಟ್ಟಿ ಬಂದ ಹಾಗೆ ಅನ್ಸುತ್ತೆ, ಆದ್ರೆ ಸಾವಿರ ತೋಟಾಗೆ ಉಳಿದಿದ್ದು ಆರು ಡಾಲರ್ ಚಿಲ್ಲರೆ. ಪ್ರೈಮರ್ (ಕೇಸ್ ತಳದಲ್ಲಿ ಕೂತು ಮದ್ದಿಗೆ ಕಿಡಿ ಕೊಡೋ ಪುಟ್ಟ ಬಿಲ್ಲೆ) ಮತ್ತೆ ಬುಲೆಟ್ ಖರ್ಚಿನ ಮುಂದೆ ಇದು ಉಪ್ಪಿನಕಾಯಿ. ರೈಫಲ್‌ನವರ ಕಥೆ ಬೇರೆ, 44 ಗ್ರೇನ್ ಹಾಕೋನಿಗೆ ಮದ್ದೇ ಒಂದಕ್ಕೆ 28 ಸೆಂಟ್ ಬೀಳುತ್ತೆ, ಅವನು ಡಬ್ಬ ನೋಡಿ ಕೊಳ್ಳೋದ್ರಲ್ಲಿ ಅರ್ಥ ಇದೆ.

ಪಿಸ್ತೂಲಿನವರಿಗೆ ಕಮ್ಮಿ ಗ್ರೇನ್‌ನ ಆಸೆಯಲ್ಲಿ ಇನ್ನೊಂದು ಕಂಟಕ ಇದೆ. ಕೇಸ್ ಒಳಗೆ ಮದ್ದು ಕಮ್ಮಿ ಜಾಗ ಹಿಡಿದಷ್ಟೂ ಎರಡು ಸಲ ಬಿದ್ರೂ ಕಣ್ಣಿಗೆ ಕಾಣಲ್ಲ. .38 ಸ್ಪೆಷಲ್ ಅನ್ನೋ ರಿವಾಲ್ವರ್ ತೋಟಾ ಥರ ಉದ್ದ ಕೇಸ್ ಹುಟ್ಟಿದ್ದೇ ಕಪ್ಪು ಮದ್ದಿನ (ಹೊಗೆ ಕಾರೋ ಹಳೇ ಮದ್ದು) ಕಾಲದಲ್ಲಿ, ಆಗ ಒಳಗೆ ತುಂಬಾ ತುಂಬಬೇಕಿತ್ತು, ಈಗ ನಾಲ್ಕು ಗ್ರೇನ್ ಅದರ ತಳದಲ್ಲಿ ಎಲ್ಲೋ ಬಿದ್ದಿರುತ್ತೆ, ಅದರ ಮೇಲೆ ಇನ್ನೂ ನಾಲ್ಕು ಬಿದ್ರೂ ಜಾಗ ಇದ್ದೇ ಇರುತ್ತೆ. ಡಬಲ್ ಚಾರ್ಜ್ ಅಂದ್ರೆ ಕೋವಿ ಒಡೆಯೋದು, ಕೈ ಬೆರಳು ಹೋಗೋದು. ಎರಡು ಸಲ ಬಿದ್ರೆ ಉಕ್ಕಿ ಹೊರಗೆ ಚೆಲ್ಲೋ ಅಷ್ಟು ಜಾಗ ಹಿಡಿಯೋ ಪೌಡರ್ ತಗೊಳ್ಳಿ ಅಂತ ಹಳಬರು ಹೇಳ್ತಾರೆ, ಆರು ಡಾಲರ್‌ಗೆ ಅದು ಒಳ್ಳೇ ಇನ್ಶೂರೆನ್ಸ್.

8 ಪೌಂಡ್ ಡಬ್ಬದ ವಿಷಯ: 56,000 ಗ್ರೇನ್, 5ರಂತೆ 11,200 ತೋಟಾ. ವಾರಕ್ಕೆ ನೂರು ಹೊಡೆಯೋನಿಗೆ 112 ವಾರ, ಎರಡು ವರ್ಷದ ಮೇಲೆ. ನಿಮ್ಮ ಕೋವಿಗೆ ಆ ಪೌಡರ್ ಹಿಡಿಸುತ್ತಾ ಇಲ್ವಾ ಗೊತ್ತಿಲ್ಲದೆ ಅಷ್ಟು ತಂದಿಟ್ಕೊಂಡ್ರೆ ಮದುವೆಗೆ ಮುಂಚೆ ತೊಟ್ಟಿಲು ತಂದ ಹಾಗೆ. ಮೊದಲು ಒಂದು ಪೌಂಡ್ ಮುಗಿಸಿ. ಮತ್ತೆ 11,200 ತೋಟಾಗೆ 11,200 ಪ್ರೈಮರ್ ಬೇಕು, ಅದು ಸಾವಿರದ ಬಾಕ್ಸಲ್ಲಿ ಬರೋದು, 2020ರ ನಂತರ ಎರಡು ವರ್ಷ ಅಮೆರಿಕದಲ್ಲಿ ಪ್ರೈಮರ್ ಸಿಗದೆ ಜನ ಮದ್ದಿನ ಡಬ್ಬಿ ಮುಂದೆ ಇಟ್ಕೊಂಡು ಸುಮ್ನೆ ಕೂತಿದ್ರು. ಎಷ್ಟು ತೋಟಾ ಆಗುತ್ತೆ ಅನ್ನೋದನ್ನ ಬಹಳ ಸಲ ತೀರ್ಮಾನ ಮಾಡೋದು ಮದ್ದಲ್ಲ, ಪ್ರೈಮರ್.

ಪ್ರ: ಡಬ್ಬಿ ನೋಡೋಕೆ ಒಂದು ಪೌಂಡಿಂದೇ, ಒಳಗೆ 9 ಔನ್ಸ್ ಅಂತ ಇದೆ! ಬಿಸ್ಕೆಟ್ ಪ್ಯಾಕೆಟ್ ಥರ ಇಲ್ಲೂ ಗಾಳಿ ತುಂಬ್ತಾರಾ?

ಉ: ಮೋಸ ಅಲ್ಲ. ಕೆಲವು ಪೌಡರ್ ಹಗುರ, ಮಂಡಕ್ಕಿ ಥರ, ಕಾಳಲ್ಲಿ ತೂತು ಬೇರೆ ಇರುತ್ತೆ. ಅದೇ ಡಬ್ಬಿಗೆ 16 ಔನ್ಸ್ ಹಿಡಿಸಲ್ಲ. ಉದ್ದ ಕೇಸಲ್ಲಿ ಜಾಗ ತುಂಬಲಿ, ಡಬಲ್ ಚಾರ್ಜ್ ಬಿದ್ರೆ ಉಕ್ಕಲಿ ಅಂತಲೇ ಹಾಗೆ ಮಾಡಿರೋದು. ಔನ್ಸಿಗೆ 437.5 ಗ್ರೇನ್, ಒಂಬತ್ತಕ್ಕೆ 3937. ಆರು ಗ್ರೇನ್ ಹಾಕಿದ್ರೆ 656. ಡಬ್ಬಿ ಸೈಜ್ ನೋಡ್ಬೇಡಿ, ಲೇಬಲ್ ಮೇಲಿನ ನಿವ್ವಳ ತೂಕ ಓದಿ. ಯುರೋಪ್‌ನವರು ಅರ್ಧ ಕೆಜಿ ಡಬ್ಬಿ ಮಾರ್ತಾರೆ, ಅದರಲ್ಲಿ 7716 ಗ್ರೇನ್, ಪೌಂಡಿಗಿಂತ ನೂರಕ್ಕೆ ಹತ್ತು ಜಾಸ್ತಿ.

ಪ್ರ: 12 ಬೋರ್ ತೋಟಾ ಬಾಕ್ಸ್ ಮೇಲೆ 3 ಡ್ರಾಂ ಅಂತ ಇರುತ್ತೆ. ಒಂದು ಡ್ರಾಂ 27.3 ಗ್ರೇನ್ ಅಂದ್ರೆ ಮೂರಕ್ಕೆ 82 ಗ್ರೇನ್ ಆಯ್ತು, ಪೌಂಡಿಗೆ 85 ತೋಟಾ. ಸರೀನಾ? (ನ್ಯೂಜೆರ್ಸಿ)

ಉ: ಅಯ್ಯೋ ನಿಲ್ಲಿ, ತುಂಬ್ಬೇಡಿ! ಭಾಗಾಕಾರ ಸರಿ, ಮದ್ದು ತಪ್ಪು. ಬಾಕ್ಸನ್ನ ಇನ್ನೊಂದ್ಸಲ ಓದಿ, ಡ್ರಾಂ ಪಕ್ಕದಲ್ಲಿ ಈಕ್ವಿವಲೆಂಟ್ ಅಂತ ಸಣ್ಣಕ್ಷರದಲ್ಲಿ ಇರುತ್ತೆ. ಅದರ ಅರ್ಥ, ಹಿಂದೆ ಮೂರು ಡ್ರಾಂ ಕಪ್ಪು ಮದ್ದು ಹಾಕಿದ್ರೆ ಚರೆ ಎಷ್ಟು ವೇಗದಲ್ಲಿ ಹೋಗ್ತಿತ್ತೋ ಈ ತೋಟಾನೂ ಅಷ್ಟೇ ವೇಗ ಕೊಡುತ್ತೆ ಅಂತ. ಒಳಗಿರೋ ಹೊಗೆಯಿಲ್ಲದ ಮದ್ದು ಅದರ ಕಾಲು ಭಾಗದ ಹತ್ರ, ಹದಿನೆಂಟು ಗ್ರೇನ್ ಆಸುಪಾಸು ಇರೋದು ಸಾಮಾನ್ಯ. 82 ಗ್ರೇನ್ ಹೊಗೆಯಿಲ್ಲದ ಮದ್ದು 12 ಬೋರಿಗೆ ಹಾಕಿದ್ರೆ ಅದು ಬಾಂಬ್. ಲೆಕ್ಕ ಬೇಕಿದ್ರೆ 7000 ಭಾಗಿಸು 18, 388 ಬರುತ್ತೆ.

ಹೊಗೆಯಿಲ್ಲದ ಮದ್ದು ಬಂದಿದ್ದು 1884ರಲ್ಲಿ, ಪಾಲ್ ವಿಯೆಲ್ ಅನ್ನೋ ಫ್ರೆಂಚ್‌ನವನಿಂದ. ನೂರ ನಲವತ್ತು ವರ್ಷ ಆಯ್ತು, ಬಾಕ್ಸ್ ಮೇಲೆ ಇನ್ನೂ ಕಪ್ಪು ಮದ್ದಿನ ಡ್ರಾಂ ಅಚ್ಚು ಹಾಕ್ತಾರೆ. ನಾವು ಸೈಟ್ ಅಳತೇನ ಇನ್ನೂ ಮೂವತ್ತು ನಲವತ್ತು ಅಂತ ಅಡೀಲೇ ಹೇಳ್ತೀವಲ್ಲ, ಹಾಗೆ.

ಪ್ರ: ನಮ್ಮ ಮನೇಲಿ ಮುತ್ತಜ್ಜನ ಕಾಲದ ಕೇಪಿನ ಕೋವಿ ಇದೆ, ಕೈಲ್‌ಪೊಳ್ದ್‌ಗೆ, ಅಂದ್ರೆ ನಮ್ಮ ಕೊಡಗಿನ ಆಯುಧ ಹಬ್ಬಕ್ಕೆ, ಪೂಜೆ ಮಾಡ್ತೀವಿ. ತಾತ ಬೆರಳ ಅಳತೇಲಿ ಮದ್ದು ಹಾಕ್ತಿದ್ರು, ತಕ್ಕಡಿ ಗಿಕ್ಕಡಿ ಏನೂ ಇರ್ಲಿಲ್ಲ. ಅದು ಹೇಗೆ ನಡೀತಿತ್ತು? (ವಿರಾಜಪೇಟೆ ಹತ್ರದಿಂದ)

ಉ: ನಡೀತಿತ್ತು, ಯಾಕಂದ್ರೆ ಕಪ್ಪು ಮದ್ದನ್ನ ಅಳೆಯೋದೇ ಗಾತ್ರದಲ್ಲಿ. ಗಜ (ಮದ್ದು ತುರುಕೋ ಉದ್ದ ಕಡ್ಡಿ) ನಳಿಗೆಗೆ ಇಳಿಸಿ ಹೊರಗೆ ಎಷ್ಟು ಬೆರಳು ಉಳೀತು ಅಂತ ನೋಡಿದ್ರೆ ಒಳಗೆ ಎಷ್ಟು ಈಡು ಕೂತಿದೆ ಗೊತ್ತಾಗುತ್ತೆ. ಅಮೆರಿಕದಲ್ಲಿ ಈಗಲೂ ಬಾಯಿಂದ ತುಂಬೋ ಕೋವಿಯವರು ಹಿತ್ತಾಳೆ ಕೊಳವೆಯಲ್ಲೇ ಅಳೀತಾರೆ, ಅದರ ಮೇಲೆ ಗ್ರೇನ್ ಗೆರೆ ಇರುತ್ತೆ, ಆದ್ರೆ ಅದು ಕಪ್ಪು ಮದ್ದು ಆ ಗೆರೆವರೆಗೆ ತುಂಬಿದ್ರೆ ಎಷ್ಟು ತೂಗುತ್ತೋ ಆ ಗ್ರೇನ್. ಪೈರೋಡೆಕ್ಸ್ ಅನ್ನೋ ಬದಲಿ ಮದ್ದು ಅದೇ ಗೆರೆವರೆಗೆ ತುಂಬಿದ್ರೆ ತೂಕದಲ್ಲಿ ಸುಮಾರು ನೂರಕ್ಕೆ ಮೂವತ್ತು ಹಗುರ, ಹಾಗಾಗಿ 100ರ ಗೆರೆಯಲ್ಲಿ ಒಂದು ಪೌಂಡ್ ಕಪ್ಪು ಮದ್ದು 70 ಈಡಿಗೆ ಮುಗಿದ್ರೆ ಪೈರೋಡೆಕ್ಸ್ ನೂರರ ಹತ್ರ ಬರುತ್ತೆ. ಇಲ್ಲಿ 7000 ಭಾಗಿಸು ಲೆಕ್ಕ ನೇರವಾಗಿ ಹಿಡಿದ್ರೆ ತಪ್ಪುತ್ತೆ.

ನಿಮ್ಮ ಮನೆ ಕೋವಿಗೆ ಎಷ್ಟು ಹಾಕ್ಬಹುದು ಅಂತ ನಾನು ಹೇಳಲ್ಲ. ನಳಿಗೆ ಒಳಗೆ ನೂರು ವರ್ಷದ ತುಕ್ಕು ಏನು ತಿಂದಿದೆಯೋ ನೋಡಿದವರಿಲ್ಲ. ಹೊಗೆಯಿಲ್ಲದ ಮದ್ದಂತೂ ಒಂದು ಚಿಟಿಕೇನೂ ಅದಕ್ಕೆ ಹೋಗಬಾರದು. ಇನ್ನು ಕೊಡವರಿಗೆ, ಜಮ್ಮಾ ಹಿಡುವಳಿಯವರಿಗೆ (ಕೊಡಗಿನ ಪರಂಪರೆಯ ಜಮೀನಿನವರು) ಇರೋ ವಿನಾಯಿತಿ ಕೋವಿ ಲೈಸೆನ್ಸ್‌ಗೆ ಸಂಬಂಧಪಟ್ಟಿದ್ದು, ಕೇಂದ್ರ ಸರ್ಕಾರ ಅದನ್ನ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ಮುಂದುವರೆಸಿದೆ. ಅದನ್ನ ಹಿಡ್ಕೊಂಡು ಮನೇಲಿ ತೋಟಾ ಕಾರ್ಖಾನೆ ಶುರು ಮಾಡೋಕಾಗಲ್ಲ. 1959ರ ಆಯುಧ ಕಾಯ್ದೆ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಗೆ ಲೈಸೆನ್ಸ್ ಬೇಕು, ಮದ್ದಿಗೆ 1884ರ ಸ್ಫೋಟಕ ಕಾಯ್ದೆ ಬೇರೆ ಇದೆ. ಹುಟ್ಟಿದಾಗ ಒಂದು, ಸತ್ತಾಗ ಎರಡು ಗುಂಡು ಹಾರಿಸೋ ನಿಮ್ಮ ಪದ್ಧತಿಗೆ ಡಬ್ಬಿ ಲೆಕ್ಕ ಯಾಕೆ ಬೇಕು ಹೇಳಿ.

ಪ್ರ: ಎಚ್-1ಬಿ ಮೇಲಿದೀನಿ. ಕೋವಿ ಇಲ್ಲ, ರೂಂಮೇಟ್ ಜೊತೆ ಪೌಡರ್ ಡಬ್ಬಿ ಶೇರ್ ಮಾಡಿ ತಗೊಂಡ್ರೆ ತೊಂದ್ರೆ ಇದ್ಯಾ?

ಉ: ಇದೆ, ದೊಡ್ಡದು. ನಾನ್-ಇಮಿಗ್ರೆಂಟ್ ವೀಸಾದವರು ಕೋವಿಯಾಗಲಿ ಅಮ್ಯುನಿಷನ್ ಆಗಲಿ ಇಟ್ಕೊಳ್ಳೋದನ್ನ ಅಲ್ಲಿನ ಫೆಡರಲ್ ಕಾನೂನು ನಿಷೇಧಿಸುತ್ತೆ, ಚಾಲ್ತಿಯಲ್ಲಿರೋ ಬೇಟೆ ಲೈಸೆನ್ಸ್ ಇರೋದು ಥರ ಕೆಲವೇ ವಿನಾಯಿತಿ ಬಿಟ್ಟು. ಜನಕ್ಕೆ ಗೊತ್ತಿಲ್ಲದ್ದು ಏನಂದ್ರೆ ಅಮ್ಯುನಿಷನ್ ಅನ್ನೋ ಪದದೊಳಗೆ ಆ ಕಾನೂನು ಖಾಲಿ ಕೇಸ್, ಪ್ರೈಮರ್, ಬುಲೆಟ್, ಪೌಡರ್ ಎಲ್ಲಾನೂ ಸೇರಿಸಿದೆ. ತೋಟಾ ಆಗದೆ ಇದ್ರೂ ಡಬ್ಬಿ ಒಂದೇ ಸಾಕು. ರೂಂಮೇಟ್ ಹತ್ರ ಅಲ್ಲ, ಲಾಯರ್ ಹತ್ರ ಕೇಳಿ.

ಪ್ರ: ಮಗ ಊರಿಗೆ ಬರುವಾಗ ತಾನು ತುಂಬಿದ ಒಂದೇ ಒಂದು ತೋಟಾ ನೆನಪಿಗೆ ತರ್ತೀನಿ ಅಂತಿದಾನೆ.

ಉ: ಬೇಡ ಅನ್ನಿ. ನಮ್ಮ ಏರ್‌ಪೋರ್ಟಲ್ಲಿ ಬ್ಯಾಗಿನ ಮೂಲೇಲಿ ಮರೆತ ಒಂದು ತೋಟಾ ಸಿಕ್ಕಿದ್ರೂ ಪೊಲೀಸ್ ಕೇಸು. ಗೊತ್ತಿಲ್ಲದೆ ಇತ್ತು ಅಂತ ಹೈಕೋರ್ಟಿಗೆ ಹೋಗಿ ಕೇಸ್ ವಜಾ ಮಾಡಿಸ್ಕೊಂಡವರು ಇದ್ದಾರೆ, ನಿಮ್ಮ ಮಗ ಗೊತ್ತಿದ್ದೇ ತರ್ತಾ ಇದಾನಲ್ಲ. ಚಾಕೊಲೇಟ್ ತರಲಿ.

ಪ್ರ: ಮಗ ಗ್ಯಾರೇಜಲ್ಲಿ ಮದ್ದು ಇಟ್ಕೊಂಡಿದಾನೆ, ರಾತ್ರಿ ನಿದ್ದೆ ಬರಲ್ಲ ನಂಗೆ. ಫೋನ್ ಮಾಡಿದ್ರೆ ಲೆಕ್ಕ ಎಲ್ಲಾ ಸರಿಯಾಗಿದೆ ಅಮ್ಮ, ಡಬ್ಬಿ ತೂಕ ನೋಡ್ತೀನಿ ಅಂತಾನೆ. ಅದು ಸಾಕಾ? (ಮೈಸೂರಿಂದ ಒಬ್ಬ ತಾಯಿ)

ಉ: ಹೊಗೆಯಿಲ್ಲದ ಮದ್ದು ಬಯಲಲ್ಲಿ ಹೊತ್ಕೊಂಡ್ರೆ ಭಗ್ಗನೆ ಉರಿಯುತ್ತೆ, ಸಿಡಿಯೋದು ಗಟ್ಟಿಯಾಗಿ ಮುಚ್ಚಿದ ಜಾಗದಲ್ಲಿ. ಅದಕ್ಕೇ ಅದರ ಡಬ್ಬಿ ಬೇಗ ಬಿಟ್ಕೊಳ್ಳೋ ಹಾಗೆ ಮಾಡಿರ್ತಾರೆ, ಅದನ್ನ ಬಿಟ್ಟು ಬೇರೆ ಸ್ಟೀಲ್ ಡಬ್ಬಕ್ಕೆ, ಗಾಜಿನ ಬಾಟ್ಲಿಗೆ ಹಾಕ್ಬಾರದು. ಎನ್‌ಎಫ್‌ಪಿಎ 495 ಅಂತ ಅಲ್ಲಿನ ಅಗ್ನಿ ಸುರಕ್ಷತೆ ನಿಯಮಾವಳಿ ಇದೆ, ಮನೇಲಿ ಮೂಲ ಡಬ್ಬಿಯಲ್ಲೇ 20 ಪೌಂಡ್‌ವರೆಗೆ, ಅದಕ್ಕಿಂತ ಜಾಸ್ತಿ 50 ಪೌಂಡ್‌ವರೆಗೆ ಒಂದಿಂಚು ದಪ್ಪದ ಮರದ ಪೆಟ್ಟಿಗೆಯಲ್ಲಿ ಅನ್ನುತ್ತೆ, ಊರಿಂದೂರಿಗೆ ನಿಯಮ ಬದಲಾಗುತ್ತೆ. ಒಂದೆರಡು ಪೌಂಡ್ ತಂಪಾದ ಒಣ ಜಾಗದಲ್ಲಿ, ಗೀಸರ್ ಗ್ಯಾಸ್ ಉರಿ ದೂರ, ಮಕ್ಕಳ ಕೈಗೆ ಸಿಗದ ಹಾಗೆ ಇದ್ರೆ ನೀವು ನಿದ್ದೆ ಮಾಡಿ.

ಡಬ್ಬಿ ತೂಕದ ಮಾತು ಮಾತ್ರ ನಂಗೆ ಹಿಡಿಸ್ಲಿಲ್ಲ. ನೂರು ತೋಟಾ ಐದು ಗ್ರೇನ್‌ನಂತೆ ತುಂಬಿದ್ರೆ 500 ಗ್ರೇನ್, 32.4 ಗ್ರಾಂ ಕಮ್ಮಿ ಆಗಿರಬೇಕು, ಅಷ್ಟು ಸರಿ. ಆದ್ರೆ ಒಂದು ತೋಟಾಗೆ ಎರಡು ಸಲ ಬಿದ್ದಿದ್ರೆ ವ್ಯತ್ಯಾಸ ಬರೀ 0.32 ಗ್ರಾಂ, ಅಡುಗೆಮನೆ ತಕ್ಕಡಿ ಅದನ್ನ ತೋರಿಸೋದೇ ಇಲ್ಲ, ಮೇಜಿನ ಮೇಲೆ ಚೆಲ್ಲಿದ್ದೇ ಅದಕ್ಕಿಂತ ಜಾಸ್ತಿ ಇರುತ್ತೆ. ಡಬ್ಬಿ ಲೆಕ್ಕ ಖರ್ಚಿಗೆ. ಬುಲೆಟ್ ಕೂರಿಸೋ ಮುಂಚೆ ಪ್ರತಿ ಕೇಸ್ ಒಳಗೂ ದೀಪ ಹಿಡಿದು ಬಗ್ಗಿ ನೋಡೋದೊಂದೇ ದಾರಿ, ನಮ್ಮ ಪಕ್ಕದ ಮನೆಯವರು ಐವತ್ತರ ಮರದ ಹಲಗೇಲಿ ಸಾಲಾಗಿ ನಿಲ್ಲಿಸಿ ಟಾರ್ಚ್ ಹಾಕಿ ನೋಡ್ತಿದ್ರು, ಒಂದರಲ್ಲಿ ಮಟ್ಟ ಬೇರೆ ಕಂಡ್ರೆ ಅದನ್ನ ಸುರಿದು ಮತ್ತೆ ತುಂಬ್ತಿದ್ರು. ಇನ್ನೊಂದು, ಕೆಲಸ ಮುಗಿದ ಮೇಲೆ ಹಾಪರ್‌ನಲ್ಲಿ ಉಳಿದದ್ದನ್ನ ಅದೇ ದಿನ ಅದೇ ಡಬ್ಬಿಗೆ ವಾಪಸ್ ಹಾಕ್ಬೇಕು. ಹದಿನೈದು ದಿನ ಬಿಟ್ಟು ಬಂದು ಇದು ಯಾವ ಪೌಡರ್ ಅಂತ ಅನುಮಾನ ಬಂದ್ರೆ ಚೆಲ್ಲಬೇಕೇ ಹೊರತು ಊಹೆ ಮಾಡ್ಬಾರದು, ನೋಡಿದ್ರೆ ಬಹಳಷ್ಟು ಪೌಡರ್ ಒಂದೇ ಥರ ಬೂದು ಬಣ್ಣ.

ಮುಂದಿನ ಭಾನುವಾರ ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳಿದ ಮೇಲೆ ಹಾಪರ್ ಖಾಲಿ ಮಾಡಿದ್ಯಾ ಅಂತ ಕೇಳಿ. ಆ ಪದ ನಿಮ್ಮ ಬಾಯಲ್ಲಿ ಕೇಳಿ ಒಂದು ನಿಮಿಷ ಮಾತಾಡಲ್ಲ ಅವನು.